ಸರ್ಕಾರ ಹಚ್ಚಿದ ಕಪ್ಪು

ಅಂಬಾಸಿಡರ್ ಮಾರ್ಕ್ 3ರ ಹೆಡ್‌ಲೈಟುಗಳನ್ನು ಬಿಚ್ಚಿ ಕೌಲ್ ಬಜಾರಿನ ಎಲೆಕ್ಟ್ರಿಷಿಯನ್ ಮುಂದಿಟ್ಟಾಗ, ಆತ ಅವುಗಳತ್ತ ಸರಿಯಾಗಿ ನೋಡದೆಯೇ, “ಎಲ್‌ಇಡಿ ಹಾಕಿಸಿಬಿಡ್ರಿ ಸಾರ್, ರಾತ್ರಿ ಹಗಲಾಗ್ತೈತಿ” ಎಂದ. ರಾತ್ರಿಯನ್ನು ಹಗಲು ಮಾಡುವ ಹಂಬಲ ನನಗೆಂದೂ ಇರಲಿಲ್ಲ. ಬಳ್ಳಾರಿಯಲ್ಲಿ ಹಗಲು ಈಗಾಗಲೇ ಬೇಕಾದುದಕ್ಕಿಂತ ಹೆಚ್ಚಿದೆ.

ದೀಪ ಮಂಕಾಗಿದ್ದುದಕ್ಕೆ ಬಲ್ಬನ್ನು ದೂರುವಂತಿರಲಿಲ್ಲ. ಕರೆಂಟು ಬ್ಯಾಟರಿಗೆ ಹಿಂದಿರುಗುವುದು ಕಾರಿನ ಮೈಯ ಮೂಲಕವೇ ಆದ್ದರಿಂದ, ಅರ್ತಿಂಗ್ ವೈರಿನ ಬುಡದ ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ, ದೀಪಕ್ಕೆ ಬ್ಯಾಟರಿಯಿಂದಲೇ ನೇರ ಕರೆಂಟು ಹಾಯಿಸುವ ಒಂದು ರಿಲೇ ಕೂಡಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ರಿಫ್ಲೆಕ್ಟರಿನ ಒಳಗೆ, ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲದ ಕೆಂಧೂಳು ಮೆತ್ತಿಕೊಂಡಿತ್ತು. ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟು 2011ರಲ್ಲಿ ತಡೆ ಹಾಕಿದ ಸಂಗತಿ ಆ ಧೂಳಿಗೆ ತಿಳಿದಂತಿರಲಿಲ್ಲ. ಬಟ್ಟೆಯಿಂದ ಉಜ್ಜಿದರೆ ಒಳಗಿನ ಹೊಳಪೇ ಕಿತ್ತುಬರುವುದರಿಂದ, ಅದನ್ನು ಸೋಪಿನ ನೀರಿನಲ್ಲಿ ಮೆಲ್ಲನೆ ತೊಳೆದು ನೆರಳಿನಲ್ಲಿ ಒಣಗಿಸಿದೆವು.

ಗಾಜಿನ ಮೇಲೆ ಕಪ್ಪು ಬಣ್ಣದ ಕಲೆಯಿತ್ತು. ಹಿಂದೆ ಎದುರಿನವರ ಕಣ್ಣು ಕುಕ್ಕದಿರಲೆಂದು ಲಾರಿ, ಬಸ್ಸು, ಕಾರುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಹಚ್ಚಿಸುತ್ತಿದ್ದರು. ಹಚ್ಚಿಸದವರಿಗೆ ಪೊಲೀಸರೇ ಡಬ್ಬಿ, ಬ್ರಷ್ಷು ಹಿಡಿದು ಹಚ್ಚುತ್ತಿದ್ದುದೂ ಉಂಟು. ಊರ ಹೊರಗಿನ ಇಂತಹದೊಂದು ತಪಾಸಣೆಯಲ್ಲಿ ನಮ್ಮ ತಂದೆಯವರ ಕಾರಿನ ಎಡ ದೀಪಕ್ಕೆ ಒಬ್ಬ ಪೇದೆ ಬಹಳ ಶ್ರದ್ಧೆಯಿಂದ ಬಣ್ಣ ಬಳಿದು, ಬಲ ದೀಪಕ್ಕೆ ಬರುವಷ್ಟರಲ್ಲಿ ಡಬ್ಬಿ ಬರಿದಾಗಿ, “ಇದಕ್ಕ ನಾಳೆ ಹಚ್ಚಿಸ್ಕೊಳ್ರಿ” ಎಂದು ಕಳುಹಿಸಿದನಂತೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮರೆಯುತ್ತಿದ್ದರು. ತಂದೆಯವರು ಮರುದಿನ ಸ್ನಾನ, ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಪಂಚೆಯುಟ್ಟು, ಅದೇ ಜಾಗಕ್ಕೆ ಹೋಗಿ ಕಾರು ನಿಲ್ಲಿಸಿದರು. ಅಂದು ಕರ್ತವ್ಯದಲ್ಲಿದ್ದ ಬೇರೊಬ್ಬ ಪೇದೆ, ಸ್ವತಃ ಬಂದು ಬಣ್ಣ ಕೇಳುವವರನ್ನು ಅದುವರೆಗೆ ಕಂಡಿರದ ಗಾಬರಿಯಲ್ಲಿಯೋ ಏನೋ, ಬಲ ದೀಪದ ಕೆಳಗಿನರ್ಧಕ್ಕೆ ಬಳಿದುಬಿಟ್ಟ. ನೆಂಟರೆಲ್ಲ ಅದನ್ನು ಕಣ್ಣು ಹೊಡೆಯುವ ಕಾರೆಂದು ನಕ್ಕರು. ಕೆರೆದುಹಾಕೋಣವೆಂದು ಅಮ್ಮ ಅಂದರೆ, ಸರ್ಕಾರ ಹಚ್ಚಿದ್ದನ್ನು ನಾವು ಕೆರೆಯುವಂತಿಲ್ಲವೆಂದು ತಂದೆಯವರು ಒಪ್ಪಲೇ ಇಲ್ಲ. ಈಗ ಆ ಕಲೆಗೆ ಬ್ಲೇಡು ಹಾಕಹೊರಟ ಎಲೆಕ್ಟ್ರಿಷಿಯನ್‌ನ ಕೈ ಹಿಡಿದೆ. ಕಾರಣ ಕೇಳಿದ, ಹೇಳಲಿಲ್ಲ.

ಎಲ್‌ಇಡಿಯನ್ನಂತೂ ಹಾಕಿಸಲಿಲ್ಲ. ಹಾಕಿಸಿದ 60/55 ವಾಟಿನ ಹ್ಯಾಲೊಜೆನ್ ಬಲ್ಬಿನೊಳಗೆ, ಡಿಪ್ ಮಾಡಿದಾಗ, ಎಂದರೆ ಬೆಳಕನ್ನು ತಗ್ಗಿಸಿದಾಗ, ಉರಿಯುವ ತಂತುವಿನ ಕೆಳಗೆ, ಉಗುರಿಗಿಂತ ಚಿಕ್ಕದಾದ ಲೋಹದ ಬಟ್ಟಲೊಂದಿದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ಅದು ಅಡ್ಡವಾಗಿರುವುದರಿಂದಲೇ ಎದುರಿನವರ ಕಣ್ಣು ಉಳಿಯುತ್ತದೆ. ಇಂತಹ ಬಲ್ಬಿಗೆಂದೇ ಮಾಡಿದ ರಿಫ್ಲೆಕ್ಟರಿಗೆ ಕಂಡಕಂಡ ಎಲ್‌ಇಡಿ ತುರುಕಿದರೆ ಬೆಳಕು ದಿಕ್ಕಾಪಾಲಾಗಿ ಚೆದುರುತ್ತದೆ. ಇದನ್ನು ಯಾರಿಗೆ ಹೇಳುವುದು? ರಾತ್ರಿ ಹೊಸಪೇಟೆ ರಸ್ತೆಯಲ್ಲಿ ತೋರಣಗಲ್ಲು ದಾಟುತ್ತಿದ್ದಂತೆ, ನಾನು ಕ್ಲಚ್ಚಿನ ಪಕ್ಕದ ಡಿಪ್ ಗುಂಡಿಯನ್ನು ಎಡಗಾಲಿನಿಂದ ಒತ್ತಿ ಮರ್ಯಾದೆ ತೋರಿಸಿದರೆ, ಎದುರಿನ ದೊಡ್ಡ ಕಾರಿನವರು ಸುಣ್ಣದಂತಹ ಬೆಳಕನ್ನು ಮುಖಕ್ಕೇ ಎರಚುತ್ತ ಬರುತ್ತಾರೆ. ಅವರು ಡಿಪ್ ಮಾಡುವುದಿಲ್ಲ; ಮಾಡಿದರೂ ವ್ಯತ್ಯಾಸ ಕಾಣುವುದಿಲ್ಲ. ಇವರಿಗಾಗಿ ಆ ಮೊದಲನೆಯ ಪೇದೆಯನ್ನು ಬಣ್ಣದ ಡಬ್ಬಿಯ ಸಮೇತ ಮತ್ತೆ ರಸ್ತೆಗಿಳಿಸಬೇಕು. ಎರಡನೆಯವನನ್ನೂ ಜೊತೆಗೆ ಕರೆತಂದು, ಅದೇ ದೀಪಕ್ಕೆ ಅವನ ಪಾಲಿನ ಅರ್ಧವನ್ನೂ ಬಳಿಸಿದರೆ ನನ್ನ ಆಕ್ಷೇಪವೇನೂ ಇಲ್ಲ.