ಗುಲಾಬಿ ಈರುಳ್ಳಿಗೆ ಬಾಗಿಲು ಹಾಕುವ ಮುಂಚೆ

ನಾವು ಬೆಳೆಯುವ ಗುಲಾಬಿ ಈರುಳ್ಳಿಯನ್ನು ನಮ್ಮ ಮನೆಯ ಸಾರಿಗೇ ಹಾಕುವುದಿಲ್ಲ. ಗಾತ್ರ ಚಿಕ್ಕದು, ಘಾಟು ಜಾಸ್ತಿ. ಅಮ್ಮ ಸಂತೆಯಿಂದ ದಪ್ಪ ಈರುಳ್ಳಿ ತರುತ್ತಾರೆ. ಚಿಕ್ಕಬಳ್ಳಾಪುರದ ನಮ್ಮ ಹೊಲದ್ದು ಚೆನ್ನೈಗೆ ಹೋಗಿ, ಹಡಗು ಹತ್ತಿ, ಮಲೇಷ್ಯಾ, ಸಿಂಗಪುರದ ಕಡೆಗೆ ಹೋಗುತ್ತದೆ. ಅಲ್ಲಿಯವರಿಗೆ ಆ ಘಾಟೇ ಬೇಕು.

2019ರ ಸೆಪ್ಟೆಂಬರ್ 29. ಮಹಾರಾಷ್ಟ್ರದಲ್ಲಿ ಮಳೆಗೆ ಬೆಳೆ ಹಾಳಾಗಿ, ದಿಲ್ಲಿಯಲ್ಲಿ ಈರುಳ್ಳಿ ಬೆಲೆ ಏರಿತ್ತು. ಕೇಂದ್ರ ಸರ್ಕಾರ ರಫ್ತನ್ನೇ ನಿಲ್ಲಿಸಿತು. ನಮ್ಮ ಹೊಲದಲ್ಲಿ ಆಗ ಬೆಳೆ ಕೀಳೋ ಹದಕ್ಕೆ ಬಂದಿತ್ತು. ವ್ಯಾಪಾರಿ ಫೋನ್ ಮಾಡಿ, "ಅಣ್ಣಾ, ಸದ್ಯಕ್ಕೆ ಕೀಳಿಸಬೇಡಿ" ಅಂದರು. ಬಲಿತ ಗೆಡ್ಡೆಯನ್ನು ಮಳೆಗೆ ಬಿಟ್ಟರೆ ಕೊಳೆಯುತ್ತದೆ. ಕಿತ್ತರೆ ಇಲ್ಲಿ ಕೊಳ್ಳೋರಿಲ್ಲ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ದಿಲ್ಲಿಯ ಬಡವರಿಗೆ ಈರುಳ್ಳಿ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ತಿನ್ನದೇ ಇರುವ ಈರುಳ್ಳಿಯನ್ನು ತಡೆದರೆ ಅವರಿಗೆ ಏನು ಸಿಕ್ಕಿತು?

ಸುಮಾರು ಒಂದು ತಿಂಗಳಾದ ಮೇಲೆ, ಅಕ್ಟೋಬರ್ 28ಕ್ಕೆ, ಗುಲಾಬಿ ಈರುಳ್ಳಿಗೆ ಸಡಿಲಿಕೆ ಬಂತು. 9,000 ಟನ್ ಮಾತ್ರ, ನವೆಂಬರ್ 30ರೊಳಗೆ, ಚೆನ್ನೈ ಬಂದರಿನಿಂದಲೇ. ಅಷ್ಟರಲ್ಲಿ ನಮ್ಮದು ವ್ಯಾಪಾರಿ ಕೇಳಿದ ಬೆಲೆಗೆ ಹೋಗಿ ಆಗಿತ್ತು. 2020ರಲ್ಲೂ ಇದೇ ಕಥೆ. ಮೊದಲು ನಿಷೇಧ, ಆಮೇಲೆ 10,000 ಟನ್‌ಗೆ ಅನುಮತಿ. 2023ರ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ಶೇ 40 ಸುಂಕ, ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ವಿನಾಯಿತಿ, ಡಿಸೆಂಬರ್‌ನಲ್ಲಿ ಮತ್ತೆ ರಫ್ತು ಬಂದ್.

ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನಾವು 1995ರಿಂದ ಇದ್ದೇವೆ. ಶ್ರೀಮಂತ ದೇಶಗಳು ತಮ್ಮ ರೈತರಿಗೆ ಸಬ್ಸಿಡಿ ಸುರಿದು ನಮ್ಮನ್ನು ಹಿಂದೆ ತಳ್ಳುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ನಮ್ಮ ಪಾಲಿಗೆ ಬಾಗಿಲು ಹಾಕಿದ್ದು ಒಳಗಿನಿಂದ. ಆಹಾರದ ತೀವ್ರ ಕೊರತೆ ಬಂದಾಗ ತಾತ್ಕಾಲಿಕವಾಗಿ ರಫ್ತು ತಡೆಯಲು ಆ ಸಂಸ್ಥೆಯ ನಿಯಮದಲ್ಲೇ ಅವಕಾಶ ಇದೆ. ಆದಷ್ಟು ಮೊದಲೇ ಸಂಸ್ಥೆಯ ಕೃಷಿ ಸಮಿತಿಗೆ ತಿಳಿಸಿ, ಕೊಳ್ಳುವ ದೇಶ ಕೇಳಿದರೆ ಅದರ ಜೊತೆ ಮಾತಾಡಿ ಅಂತ ಅದರ ಕೃಷಿ ಒಪ್ಪಂದ ಹೇಳುತ್ತದೆ. ಅಭಿವೃದ್ಧಿಶೀಲ ದೇಶಗಳಿಗೆ ಅದರಿಂದಲೂ ರಿಯಾಯಿತಿ ಉಂಟು, ಆ ಪದಾರ್ಥವನ್ನು ಕೊಳ್ಳುವುದಕ್ಕಿಂತ ಜಾಸ್ತಿ ಮಾರುವ ದೇಶ ಆಗಿದ್ದರೆ ಮಾತ್ರ ಇಲ್ಲ. ಈರುಳ್ಳಿಯಲ್ಲಿ ನಾವು ಅಂಥ ದೇಶವೇ. 2019ರ ಅಕ್ಟೋಬರ್‌ನಲ್ಲಿ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ದಿಲ್ಲಿಗೇ ಬಂದು, ಮುಂಚೆ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದರು. ಒಂದು ದೇಶದ ಪ್ರಧಾನಿಗೇ ತಿಳಿಸದವರು ಅಪ್ಪನಿಗೆ ತಿಳಿಸುತ್ತಾರಾ? ಬೆಳೆಗಾರನಿಗೆ ಮುಂಚೆ ಹೇಳಬೇಕು ಅಂತ ಆ ಒಪ್ಪಂದದಲ್ಲೂ ಒಂದು ಸಾಲಿಲ್ಲ.

ಹೊರಗಿನ ವ್ಯಾಪಾರಿ ಒಂದು ಸಲ ಕಾಯುತ್ತಾನೆ, ಎರಡು ಸಲ ಕಾಯುತ್ತಾನೆ. ಮೂರನೇ ಸಲ ಬೇರೆ ದೇಶದವರನ್ನು ಹುಡುಕಿಕೊಳ್ಳುತ್ತಾನೆ. ಆಮೇಲೆ ನಿಷೇಧ ತೆಗೆದರೂ ಅವನನ್ನು ವಾಪಸ್ ಕರೆತರುವವರು ಯಾರು?

ಗುಲಾಬಿ ಈರುಳ್ಳಿಗೆ ಜಿಐ ಟ್ಯಾಗ್, ಅಂದರೆ ಇದು ಇಂಥ ಪ್ರದೇಶದ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು, ಕೊಟ್ಟಿದ್ದಾರೆ. ಇದು ಬೇರೆಯದೇ ಬೆಳೆ ಅಂತ ಒಪ್ಪಿದ ಹಾಗೇ ಅಲ್ವಾ? ಹಾಗಾದರೆ ಪ್ರತಿ ಸಲ ತಡೆದು, ನಾವು ಕೈಮುಗಿದ ಮೇಲೆ ಬಿಡುವುದು ಬೇಡ. ಆದೇಶ ಬರೆಯುವಾಗಲೇ ಇದನ್ನು ಹೊರಗಿಡಿ. ಅದೂ ಆಗದಿದ್ದರೆ, ಆದೇಶದ ದಿನ ನೆಲದಲ್ಲಿರುವ ಬೆಳೆಯನ್ನಾದರೂ ಹಡಗು ಹತ್ತಲು ಬಿಡಿ.