ಸತ್ಯಾಂಶ: ಪದೇ ಪದೇ ಕೇಳುವ ಹೊಸ ನರ್ಸ್ ಕೆಲಸಕ್ಕೆ ಲಾಯಕ್ಕಿಲ್ಲವೇ?

“ಒಂದು ವಾರ ನೈಟ್ ಡ್ಯೂಟಿ ಮಾಡಿದರೆ ಮೈ ಒಗ್ಗುತ್ತದೆ, ಆಮೇಲೂ ತಡವರಿಸುತ್ತಾ ಪಕ್ಕದವರನ್ನು ಕೇಳುವ ಹೊಸ ನರ್ಸ್ ಈ ಕೆಲಸಕ್ಕೆ ಲಾಯಕ್ಕಿಲ್ಲ” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಬಹುತೇಕರ ದೇಹದ ಗಡಿಯಾರ ವಾರದಲ್ಲಿ ಪೂರ್ತಿ ತಿರುಗುವುದಿಲ್ಲ. ಬೆಳಗಿನ ಜಾವ 3ರಿಂದ 5ರ ನಡುವೆ ಮೈಯ ಉಷ್ಣತೆ, ಎಚ್ಚರ ಎರಡೂ ತಳಕ್ಕಿಳಿಯುತ್ತವೆ, ಪಳಗಿದವರಿಗೂ ಅಷ್ಟೇ. ಔಷಧಿಯ ಲೆಕ್ಕ ತಪ್ಪುವ ಸಾಧ್ಯತೆ ಇಂಥ ಹೊತ್ತಿನಲ್ಲಿ ಹೆಚ್ಚು. ಇನ್ಸುಲಿನ್ ನೋಡಿ: 1 ಮಿ.ಲೀ.ಗೆ 100 ಯೂನಿಟ್ ಇರುವ ಬಾಟಲಿಯಲ್ಲಿ 10 ಯೂನಿಟ್ ಎಂದರೆ ಬರೀ 0.1 ಮಿ.ಲೀ. ಇನ್ಸುಲಿನ್ ಸಿರಿಂಜ್ ಬಿಟ್ಟು ಮಾಮೂಲಿ ಸಿರಿಂಜ್‌ನಲ್ಲಿ 1 ಮಿ.ಲೀ. ಎಳೆದರೆ ಡೋಸ್ ಹತ್ತು ಪಟ್ಟು. ಅದಕ್ಕೇ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುವ ಪದ್ಧತಿ. ಮೊದಲೇ ಉತ್ತರ ಹೇಳಿ “ಸರಿ ತಾನೇ?” ಎಂದರೆ ಎದುರಿನವರು ತಲೆಯಾಡಿಸುತ್ತಾರಷ್ಟೇ. ಕೇಳುವ ನರ್ಸ್ ಇದ್ದರೆ ರೋಗಿಗೇ ಕ್ಷೇಮ.

ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ಮಲಗುವ 6 ಗಂಟೆ ಮೊದಲೇ ನಿಲ್ಲಿಸಿ. ಬಿಡುವಿನಲ್ಲಿ 20 ನಿಮಿಷ ಕಣ್ಣು ಮುಚ್ಚಬಹುದು, ಆದರೆ ಎದ್ದ ಕೂಡಲೇ ಔಷಧಿಗೆ ಕೈ ಹಾಕಬೇಡಿ, ಮಂಪರು ಹರಿಯಲಿ.

ಮೊದಲ ತಿಂಗಳುಗಳ ಅಳುಕು ಸಹಜ. ರಜೆಯಲ್ಲೂ ನಿದ್ದೆ ಬಾರದೆ, ಊಟ ಸೇರದೆ ಎರಡು ವಾರ ಕಳೆದರೆ ವೈದ್ಯರನ್ನು ಕಾಣಿ.