ಥ್ರೋಡೌನ್ ಹುಡುಗನಿಗೂ ಗಡಿಗೂ ಏನು ಸಂಬಂಧ?

ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆಯದೆ ನಿದ್ದೆ ಬರುವುದಿಲ್ಲ.

ಭಾನುವಾರ ಮಗಳನ್ನು ಬೆಂಗಳೂರಿನ ಉತ್ತರಹಳ್ಳಿ ಕಡೆ ಕ್ರಿಕೆಟ್ ಕೋಚಿಂಗ್‌ಗೆ ಕರೆದುಕೊಂಡು ಹೋಗ್ತೀನಿ ಅಂತ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ನೆಟ್ಸ್‌ನಲ್ಲಿ ಥ್ರೋಡೌನ್ ಹಾಕುವ, ಅಂದರೆ ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಎಸೆದುಕೊಡುವ, ಒಬ್ಬ ಹುಡುಗ ಇದ್ದ. ಪಶ್ಚಿಮ ಬಂಗಾಳದ ಮಾಲ್ದಾ ಕಡೆಯವನು. ಸೈಡ್‌ಆರ್ಮ್ (ಚೆಂಡು ಎಸೆಯುವ ಉದ್ದನೆಯ ಕೋಲು) ಹಿಡಿದು ನಿಂತರೆ ಗಂಟೆಗಟ್ಟಲೆ ಒಂದೇ ಜಾಗಕ್ಕೆ ಚೆಂಡು ಹಾಕುತ್ತಿದ್ದ. ನನ್ನ ಮಗಳ ಎಡ ಮೊಣಕೈ ಆಡುವಾಗ ಕೆಳಗಿಳಿಯುತ್ತಿತ್ತು. "ಪುಟ್ಟಿ, ಕೈ ಮೇಲೆ, ಕೈ ಮೇಲೆ" ಅನ್ನುತ್ತಾ ಒಂದು ತಿಂಗಳು ಅದೊಂದನ್ನೇ ತಿದ್ದಿದ.

ಇವತ್ತು ಅವನಿರಲಿಲ್ಲ. ಮ್ಯಾನೇಜರನ್ನು ಕೇಳಿದೆ. "ಬಿಡಿಸಿಬಿಟ್ವಿ ಮೇಡಂ. ಫೋನಲ್ಲಿ ಬಂಗಾಳಿ ಮಾತಾಡ್ತಾನೆ, ಬಾಂಗ್ಲಾದೇಶದವನಿರಬೇಕು ಅಂತ ಇಬ್ಬರು ಪೇರೆಂಟ್ಸ್ ಗಲಾಟೆ ಮಾಡಿದ್ರು. ಐಪಿಎಲ್‌ನಲ್ಲೇ ತೆಗೆದುಹಾಕಿದ್ರಲ್ಲಾ, ನಮಗ್ಯಾಕೆ ತಲೆನೋವು?" ಅಂದರು. ಅವನ ಆಧಾರ್ ಕಾರ್ಡ್ ನೀವೇ ನೋಡಿದ್ದೀರಲ್ವಾ ಅಂದೆ. "ಗೊತ್ತು ಮೇಡಂ" ಅಂದರು.

ಗೊತ್ತು! ಗೊತ್ತಿದ್ದೂ ತೆಗೆದಿದ್ದಾರೆ.

ಅವರು ಹೇಳಿದ್ದು ಬಾಂಗ್ಲಾದೇಶದ ಬೌಲರ್ ಮುಸ್ತಾಫಿಜುರ್ ರೆಹಮಾನ್ ವಿಷಯ. 2025ರ ಡಿಸೆಂಬರ್‌ನ ಐಪಿಎಲ್ ಹರಾಜಿನಲ್ಲಿ ಕೋಲ್ಕತ್ತಾ ತಂಡ 9.20 ಕೋಟಿ ರೂಪಾಯಿ ಕೊಟ್ಟು ಅವರನ್ನು ಕೊಂಡಿತ್ತು. ಮೂರು ವಾರ ಕಳೆಯುವುದರೊಳಗೆ ಬಿಟ್ಟುಬಿಡಿ ಅಂತ ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐ ಹೇಳಿತು, ತಂಡ ಬಿಟ್ಟಿತು. ಯಾರ್ಕರ್ ಹಾಕಲು ಬರದೇ ಹೋಯಿತಾ? ಕೈ ಕಾಲಿಗೆ ಏಟಾಗಿತ್ತಾ? ಏನೂ ಇಲ್ಲ. ಎರಡು ದೇಶಗಳ ನಡುವೆ ಸಂಬಂಧ ಹಳಸಿತ್ತು, ಒಬ್ಬನ ಕೆಲಸ ಹೋಯಿತು. ಈಗ ನೋಡಿ, ಅದನ್ನೇ ನೆಪ ಮಾಡಿಕೊಂಡು ಇಲ್ಲಿ ಉತ್ತರಹಳ್ಳಿಯಲ್ಲಿ ನಮ್ಮದೇ ದೇಶದ ಹುಡುಗನ ಅನ್ನ ಕಿತ್ತುಕೊಂಡರು.

2008ರ ಏಪ್ರಿಲ್ 18, ಐಪಿಎಲ್‌ನ ಮೊದಲ ಪಂದ್ಯ. ಅಣ್ಣನ ಜೊತೆ ಚಿನ್ನಸ್ವಾಮಿಯಲ್ಲಿದ್ದೆ. ಕೋಲ್ಕತ್ತಾ ತಂಡದ ಮೆಕಲಮ್ 158 ರನ್ ಹೊಡೆದಿದ್ದು ಎಲ್ಲರಿಗೂ ನೆನಪಿದೆ. ಕೊನೆಯಲ್ಲಿ ಅವರ ಜೊತೆ ಕ್ರೀಸಿನಲ್ಲಿದ್ದವರು ಪಾಕಿಸ್ತಾನದ ಮೊಹಮ್ಮದ್ ಹಫೀಜ್. ನಮ್ಮ ಸುತ್ತ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ನಮ್ಮ ಆರ್‌ಸಿಬಿಯಲ್ಲೇ ಪಾಕಿಸ್ತಾನದ ಮಿಸ್ಬಾ ಇದ್ದರು. ಆ ವರ್ಷ ಅತಿ ಹೆಚ್ಚು ವಿಕೆಟ್ ತೆಗೆದವರೂ ಪಾಕಿಸ್ತಾನದ ಸೊಹೈಲ್ ತನ್ವೀರ್, 22 ವಿಕೆಟ್. ಫೈನಲ್‌ನಲ್ಲಿ ರಾಜಸ್ಥಾನಕ್ಕೆ ಗೆಲುವಿನ ರನ್ ತಂದವರೂ ಅವರೇ.

ನವೆಂಬರಿನಲ್ಲಿ ಮುಂಬೈ ದಾಳಿಯಾಯಿತು. 2010ರ ಹರಾಜಿನಲ್ಲಿ ಪಾಕಿಸ್ತಾನದ 11 ಆಟಗಾರರ ಹೆಸರಿತ್ತು, ಒಬ್ಬರನ್ನೂ ಯಾರೂ ಕೊಳ್ಳಲಿಲ್ಲ. ಅದಕ್ಕೆ ಏಳು ತಿಂಗಳ ಹಿಂದಷ್ಟೇ ಅವರು ಟಿ20 ವಿಶ್ವಕಪ್ ಗೆದ್ದಿದ್ದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಆಗ ನಾನೂ "ಸರಿಯಾಗೇ ಆಯ್ತು" ಅಂದಿದ್ದೆ. ಮುಂಬೈಯ ಬೆಂಕಿ, ಹೊಗೆ ಇನ್ನೂ ಕಣ್ಣ ಮುಂದಿತ್ತು. ಬಂದೂಕು ಹಿಡಿದವರು ಬೇರೆ, ಬಾಲ್ ಹಿಡಿದವರು ಬೇರೆ ಅನ್ನುವುದು ತಲೆಗೆ ಹೋಗಲೇ ಇಲ್ಲ.

2013ರಲ್ಲಿ ಇನ್ನೂ ವಿಚಿತ್ರ. ಶ್ರೀಲಂಕಾ ತಮಿಳರಿಗೆ ಆದ ಅನ್ಯಾಯದ ಸಿಟ್ಟು ತಮಿಳುನಾಡಿನಲ್ಲಿತ್ತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಚೆನ್ನೈ ಪಂದ್ಯಗಳಲ್ಲಿ ಶ್ರೀಲಂಕಾದವರು ಯಾರೂ ಆಡಬಾರದು ಅಂತಾಯಿತು. ಆಗ ನಮ್ಮ ಆರ್‌ಸಿಬಿಯಲ್ಲಿದ್ದ ಶ್ರೀಲಂಕಾದ ಸ್ಪಿನ್ನರ್ ಮುತ್ತಯ್ಯ ಮುರಳೀಧರನ್ ಆಡುವಂತಿರಲಿಲ್ಲ. ಅವರೇ ತಮಿಳರು! ಚೆನ್ನೈನ ಅಳಿಯ! ತಮಿಳರ ಪರವಾಗಿ ಅಂತ ಹೇಳಿ ಒಬ್ಬ ತಮಿಳನನ್ನೇ ಹೊರಗೆ ಕೂರಿಸಿದರು. ಪಾಸ್‌ಪೋರ್ಟ್ ನೋಡಿ ಕೆಲಸ ಕೊಡಲು, ಕಿತ್ತುಕೊಳ್ಳಲು ಶುರು ಮಾಡಿದರೆ ಹೀಗೇ ಆಗುವುದು.

ಪಾಸ್‌ಪೋರ್ಟ್ ಬದಲಾದರೂ ಬಿಡುವುದಿಲ್ಲ. 2023ರಲ್ಲಿ ಆಸ್ಟ್ರೇಲಿಯಾ ತಂಡ ಬೆಂಗಳೂರಿನ ಆಲೂರಿಗೆ ಅಭ್ಯಾಸಕ್ಕೆ ಬಂತಲ್ಲ, ಎಲ್ಲರ ಜೊತೆ ಬರಲಾಗದೆ ವೀಸಾಕ್ಕೆ ಕಾದವರು ಪಾಕಿಸ್ತಾನದಲ್ಲಿ ಹುಟ್ಟಿದ ಉಸ್ಮಾನ್ ಖವಾಜಾ. ಮರುವರ್ಷ ಪಾಕಿಸ್ತಾನ ಮೂಲದ ಇಂಗ್ಲೆಂಡ್ ಸ್ಪಿನ್ನರ್ ಶೋಯೆಬ್ ಬಶೀರ್. ಹುಟ್ಟಿದ್ದು, ಬೆಳೆದಿದ್ದು ಇಂಗ್ಲೆಂಡಿನಲ್ಲೇ. ಆದರೂ ವೀಸಾ ತಡವಾಗಿ ಹೈದರಾಬಾದ್ ಟೆಸ್ಟ್ ತಪ್ಪಿತು. ಆಗ ಅವನಿಗೆ ಇಪ್ಪತ್ತು ವರ್ಷ.

"ಗಡಿಯಲ್ಲಿ ಸೈನಿಕರು ಸಾಯುವಾಗ ನಿಮಗೆ ಆಟದ ಚಿಂತೆಯಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಆ ನೋವು ನನಗೂ ಇದೆ. ಆದರೆ ಪಹಲ್ಗಾಮ್ ದಾಳಿ ಆಗಿ ಐದು ತಿಂಗಳಿಗೆ, 2025ರ ಸೆಪ್ಟೆಂಬರಿನಲ್ಲಿ, ದುಬೈನಲ್ಲಿ ಭಾರತ ಪಾಕಿಸ್ತಾನ ಮೂರು ಸಲ ಆಡಿದವಲ್ಲ? ಕೈ ಕುಲುಕಲಿಲ್ಲ, ಪಂದ್ಯವಂತೂ ನಡೆಯಿತು. ದೇಶದ ಹೆಸರಿನಲ್ಲಿ ಹನ್ನೊಂದು ಜನ ಬಂದರೆ ಆಡಬಹುದು, ಒಬ್ಬನೇ ದುಡಿಯಲು ಬಂದರೆ ಆಗದು. ಇದು ನನಗೆ ಅರ್ಥವಾಗುವುದಿಲ್ಲ. ಪಂದ್ಯ ಬೇಡ ಅಂತ ಸರ್ಕಾರ ನಿಲ್ಲಿಸಲಿ, ಒಪ್ಪುತ್ತೇನೆ. ಕರೆದು, ಬೆಲೆ ಕಟ್ಟಿ, ಆಮೇಲೆ ಹೋಗು ಅನ್ನುವುದು ಬೇಡ.

ಹುಡುಗನಿಗೆ ಫೋನ್ ಮಾಡಿದ್ದೆ. ಯಶವಂತಪುರದಲ್ಲಿ ಊರಿನವರ ರೂಮಿನಲ್ಲಿದ್ದಾನೆ. ಮೊದಲು ಕೇಳಿದ್ದು, "ಅಕ್ಕಾ, ಪುಟ್ಟಿ ಕೈ ಮೇಲೆ ಇಟ್ಟಳಾ?" ಅಂತ. ನನಗೆ ಮಾತೇ ಹೊರಡಲಿಲ್ಲ. ಹದಿನೆಂಟು ದಿನದ ಸಂಬಳ ಇನ್ನೂ ಕೊಟ್ಟಿಲ್ಲವಂತೆ.

ನಾಳೆ ಸಂಜೆ ಆರಕ್ಕೆ ಹೋಗಿ ಮ್ಯಾನೇಜರನ್ನು ಕೇಳುತ್ತೇನೆ, ಸಂಬಳವನ್ನೂ, ಕೆಲಸವನ್ನೂ. ಅಲ್ಲಿಗೆ ಮಕ್ಕಳನ್ನು ಕಳಿಸುವ ಇನ್ನಿಬ್ಬರು ಬರುತ್ತೇವೆ ಅಂದಿದ್ದಾರೆ. ನಿಮ್ಮಲ್ಲೂ ಯಾರಾದರೂ ಬರುವುದಾದರೆ ಮೆಸೇಜ್ ಮಾಡಿ. ಅವನ ಕೈ ನೋಡಿರುವ, ಥ್ರೋಡೌನ್‌ಗೆ ಜನ ಬೇಕಿರುವ ಅಕಾಡೆಮಿಯವರು ಯಾರಾದರೂ ಇದ್ದರೆ, ದಯವಿಟ್ಟು ಇವತ್ತೇ ಹೇಳಿ.